ಕಟ್ಟಡದ ನಿಯಮ ಎಷ್ಟು ವರ್ಷಕ್ಕೊಮ್ಮೆ ಬದಲಾಗಬೇಕು?

ಒಂಟಿಕೊಪ್ಪಲಿನವ:
ಮೈಸೂರಿನಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದೇನೆ. ಇನ್ನೂ ಪಾಯ ತೆಗೆದಿಲ್ಲ, ಪ್ಲಾನ್ ಹಿಡಿದು ಓಡಾಡಿಯೇ ಚಪ್ಪಲಿ ಸವೆದಿದೆ. ಅರ್ಜಿ ಕೊಟ್ಟು ಎರಡು ತಿಂಗಳಾದ ಮೇಲೆ "ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಹೀಗಲ್ಲ, ತಿದ್ದುಪಡಿ ಬಂದಿದೆ" ಅಂದರು. ಅದರ ಪ್ರತಿ ಕೇಳಿದರೆ ಝೆರಾಕ್ಸಿನ ಝೆರಾಕ್ಸ್ ಕೊಟ್ಟರು, ಅರ್ಧ ಸಾಲು ಕಾಣುವುದೇ ಇಲ್ಲ. ಇತ್ತ ನಮ್ಮ ಇಂಜಿನಿಯರ್ ಏನೋ "ಎನ್‌ಬಿಸಿ 2016" ಅನ್ನುತ್ತಾರೆ. ರಾಜ್ಯ ಸರ್ಕಾರ ಇವನ್ನೆಲ್ಲ ಎಷ್ಟು ವರ್ಷಕ್ಕೊಮ್ಮೆ ಬದಲಿಸಿದರೆ ಸರಿ? ಐದಾ, ಹತ್ತಾ? ನನ್ನ ಕೇಳಿದರೆ ನನ್ನ ಗೃಹಪ್ರವೇಶ ಆಗುವವರೆಗೆ ಯಾರೂ ಮುಟ್ಟಬಾರದು :)

ಕಂಬ_ತೊಲೆ:
ಸರ್, ನೀವು ಎರಡು ಬೇರೆ ಪುಸ್ತಕಗಳನ್ನು ಒಂದು ಮಾಡಿಕೊಂಡಿದ್ದೀರಿ. ಸೆಟ್‌ಬ್ಯಾಕ್, ಎತ್ತರ, ಪಾರ್ಕಿಂಗ್ ಎಲ್ಲ ಬೈಲಾ, ಝೋನಿಂಗ್ ನಿಯಮ. ಅದು ರಾಜ್ಯದ ಕೈಯಲ್ಲಿದೆ. ಕಂಬಕ್ಕೆ ಎಷ್ಟು ಕಂಬಿ, ಯಾವ ಕಾಂಕ್ರೀಟ್ ಅನ್ನುವುದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕೋಡ್. ಎನ್‌ಬಿಸಿ, ಅಂದರೆ ರಾಷ್ಟ್ರೀಯ ಕಟ್ಟಡ ಸಂಹಿತೆ, 1970ರಲ್ಲಿ ಬಂತು, ಆಮೇಲೆ 1983, 2005, 2016ರಲ್ಲಿ ಪರಿಷ್ಕರಣೆ ಆಯಿತು. ಅದು ಬರೀ ಶಿಫಾರಸು, ರಾಜ್ಯ ತನ್ನ ಬೈಲಾಕ್ಕೆ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಹಲ್ಲು.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಭೂಕಂಪದ ಕೋಡ್ ಐಎಸ್ 1893 ನೋಡಿ. 1962ರಲ್ಲಿ ಶುರು, ನಂತರ 66, 70, 75, 84. ಅಲ್ಲಿಗೆ ನಿದ್ದೆ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿತು, ನಮ್ಮ ಬೀದರ್, ಕಲಬುರಗಿಯಿಂದ ದೂರವೇನಿಲ್ಲ. ಆಗಿನ ನಕ್ಷೆಯಲ್ಲಿ ಆ ಜಾಗ ಒಂದನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು! 2001ರಲ್ಲಿ ಗುಜರಾತಿನ ಭುಜ್ ಭೂಕಂಪ ಆಯಿತು. ಹೊಸ ಆವೃತ್ತಿ ಬಂದದ್ದು 2002ರಲ್ಲಿ, 18 ವರ್ಷ ಬಿಟ್ಟು. ಒಂದನೇ ವಲಯ ಅನ್ನುವುದನ್ನೇ ಆಗ ತೆಗೆದುಹಾಕಿದರು. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಸೆಟ್‌ಬ್ಯಾಕ್ ಥರದ್ದನ್ನು ಹತ್ತು ವರ್ಷ ಮುಟ್ಟಬೇಡಿ, ಬೆಂಕಿ, ಭೂಕಂಪದ್ದನ್ನು ಐದಾರು ವರ್ಷಕ್ಕೊಮ್ಮೆ ತೆರೆದು ನೋಡಿ.

ಮೇಸ್ತ್ರಿ ಮಗ:
ಪುಸ್ತಕ ಬದಲಾಗುತ್ತೆ ಸ್ವಾಮಿ, ಬಾಂಡ್ಲಿ ಲೆಕ್ಕ ಬದಲಾಗಲ್ಲ. ಕಾಂಕ್ರೀಟಿನ ಕೋಡ್ ಐಎಸ್ 456 ಪ್ರಕಾರ 2000ದಿಂದಲೇ ಆರ್‌ಸಿಸಿಗೆ ಕನಿಷ್ಠ ಎಂ20 ದರ್ಜೆ, ಅಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ. ನಮ್ಮಪ್ಪ ಇವತ್ತಿಗೂ ಒಂದು-ಎರಡು-ನಾಲ್ಕು ಅಂತಲೇ ಎಣಿಸೋದು. ಅದು ಹಳೆಯ ಎಂ15, ಬಲ ಕಡಿಮೆ. ಕಳೆದ ತಿಂಗಳು ಕಂಬಿ ಕಟ್ಟುವವನ ಜೊತೆ, ಕಂಬದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ವಿಷಯಕ್ಕೆ ಜಗಳ ಆಯಿತು. ರಿಂಗಿನ ತುದಿ 135 ಡಿಗ್ರಿ ಒಳಕ್ಕೆ ಬಗ್ಗಿ ಕಾಂಕ್ರೀಟಿನೊಳಗೆ ಕಚ್ಚಿಕೊಂಡಿರಬೇಕು, ಇವನು 90ಕ್ಕೇ ಬಿಟ್ಟಿದ್ದ. ಹಾಗೆ ಬಿಟ್ಟರೆ ಕಂಬ ಜೋರಾಗಿ ಅಲುಗಾಡಿದಾಗ ರಿಂಗ್ ಬಿಚ್ಚಿಕೊಳ್ಳುತ್ತೆ. "ಇಪ್ಪತ್ತು ವರ್ಷದಿಂದ ಹೀಗೇ ಬಗ್ಗಿಸ್ತಿದ್ದೀನಿ, ಒಂದು ಮನೆ ಬಿದ್ದಿದ್ದು ತೋರ್ಸು" ಅಂದ. ಏನು ತೋರಿಸೋದು?

2019ರಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಕೋಡ್ ಹಳೆಯದಾಯಿತು ಅಂತ ಬಿದ್ದದ್ದಲ್ಲ ಅದು.

ಸುಮ್ನೆ_ಕೇಳ್ದೆ:
ನಮ್ಮಲ್ಲಿ ನಿಯಮಕ್ಕಿಂತ ಅಕ್ರಮ-ಸಕ್ರಮವೇ ಜಾಸ್ತಿ ಅಪ್‌ಡೇಟ್ ಆಗೋದು. ಮನೆಗಳಿಗೆ 50% ಉಲ್ಲಂಘನೆವರೆಗೂ ದಂಡ ಕಟ್ಟಿ ಸರಿಮಾಡಿಕೊಳ್ಳಿ ಅಂದಿದ್ದರು, 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸೆಟ್‌ಬ್ಯಾಕಿಗೆ ಸರಿಯಾಗಿ ಜಾಗ ಬಿಟ್ಟು ಕಟ್ಟಿದವನು ಪೆದ್ದ ಅಲ್ವಾ?

ಸ್ಯಾನ್ ಹೋಸೆ ಕನ್ನಡತಿ:
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಕೋಡ್ ಬರುತ್ತದೆ, ಜನವರಿ 1ರಿಂದ ಜಾರಿ ಅಂತ ಮೊದಲೇ ಗೊತ್ತಿರುತ್ತದೆ. ನಾವು ಹಿತ್ತಲಲ್ಲಿ ಅಮ್ಮನಿಗೆ ಅಂತ ಒಂದು ಸಣ್ಣ ಮನೆ ಕಟ್ಟಿಸಿದಾಗ, 2022ರ ಡಿಸೆಂಬರ್‌ನಲ್ಲಿ ನಮ್ಮ ಕಂಟ್ರಾಕ್ಟರ್ ರಜೆಯನ್ನೂ ನೋಡದೆ ಅರ್ಜಿ ಹಾಕಿದರು, ಯಾಕೆಂದರೆ ಅರ್ಜಿ ಕೊಟ್ಟ ದಿನ ಯಾವ ಕೋಡ್ ಇತ್ತೋ ಅದೇ ಲೆಕ್ಕ. ಆದರೆ ಇಲ್ಲೂ ಜನ ಸುಸ್ತಾಗಿದ್ದಾರೆ. ಪ್ರತಿ ಸಲ ಖರ್ಚು ಏರುತ್ತದೆ ಅಂತ 2025ರಲ್ಲಿ ಕಾನೂನು ತಂದು, ತುರ್ತು ಸುರಕ್ಷತೆಯಂಥ ಕೆಲವನ್ನು ಬಿಟ್ಟು, ಮನೆಗಳ ಕೋಡನ್ನು 2031ರವರೆಗೆ ಬದಲಿಸಬೇಡಿ ಅಂದಿದ್ದಾರೆ.

ಕಂಬ_ತೊಲೆ:
ಮೇಡಂ ಹೇಳಿದ ಆ ಅರ್ಜಿ ದಿನದ ಮಾತೇ ಮುಖ್ಯ. ಮೂರು ವರ್ಷವೋ ಆರು ವರ್ಷವೋ, ಜನಕ್ಕೆ ದಿನಾಂಕ ಮೊದಲೇ ಗೊತ್ತಿರಲಿ, ತಿದ್ದುಪಡಿ ಸೇರಿಸಿದ ಒಂದೇ ಪುಸ್ತಕ ಕನ್ನಡದಲ್ಲಿ ಸಿಗಲಿ. ಮೇಸ್ತ್ರಿ ಮಗ, ನಿಮ್ಮ ರಿಂಗಿನ ಜಗಳ ನ್ಯಾಯವಾದದ್ದೇ. ಆ ವಿವರ ಇರುವ ಐಎಸ್ 13920 ಕಡ್ಡಾಯ ಆಗೋದು ಮೂರನೇ ವಲಯದಿಂದ, 2016ರ ನಕ್ಷೆ ಪ್ರಕಾರ ಮಂಗಳೂರು, ಬೆಳಗಾವಿ ಕಡೆ. ಅದೇ ನಕ್ಷೆಯಲ್ಲಿ ಮೈಸೂರು ಎರಡನೇ ವಲಯ. ಆದರೂ ಮಾಡಿಸಿ, ರಿಂಗಿಗೆ ಒಂದು ಗೇಣೂ ಹೆಚ್ಚು ಕಂಬಿ ಹಿಡಿಯಲ್ಲ. @ಒಂಟಿಕೊಪ್ಪಲಿನವ, ತಿದ್ದುಪಡಿ ಯಾವ ತಾರೀಕಿನದು, ನಿಮ್ಮ ಅರ್ಜಿ ಯಾವ ತಾರೀಕಿನದು? ಸ್ವೀಕೃತಿ ಚೀಟಿ ನೋಡಿ ಹೇಳಿ.

ಒಂಟಿಕೊಪ್ಪಲಿನವ:
ಈಗ ಬೀರು ತೆಗೆದು ಚೀಟಿ ನೋಡಿದೆ. ದುಂಡು ಸೀಲು ಇದೆ, ಸಹಿ ಇದೆ. ತಾರೀಕಿನ ಜಾಗ ಖಾಲಿ.