ಪದಚರ್ಚೆ: ಪೈಥಾನ್‌ನ ಕ್ಲಾಸ್, ಆಬ್ಜೆಕ್ಟ್, ಸೆಲ್ಫ್ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ವೇರಿಯಬಲ್, ಲೂಪ್, ಫಂಕ್ಷನ್ ತನಕ ಪದಗಳ ತೊಂದರೆ ಅಷ್ಟಾಗಿ ಬರಲಿಲ್ಲ. ಇದ್ದ ಹಾಗೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕಾಯಿತು. ಕ್ಲಾಸ್ ಮತ್ತು ಆಬ್ಜೆಕ್ಟ್ ಪಾಠ ಬಂದಾಗ ಮಾತ್ರ ಕೈ ನಿಂತಿತು. ಕ್ಲಾಸ್ ಅಂದರೆ ಒಂದು ಥರದವು ಹೇಗಿರಬೇಕು, ಏನು ಮಾಡಬೇಕು ಎಂದು ಬರೆದಿಟ್ಟ ವಿವರಣೆ, ಅದರಂತೆ ಮಾಡಿಕೊಂಡ ಒಂದೊಂದೂ ಆಬ್ಜೆಕ್ಟ್, ಆ ವಿವರಣೆಯೊಳಗೆ ಆಬ್ಜೆಕ್ಟ್ ತನ್ನನ್ನೇ ಸೂಚಿಸುವ ಹೆಸರು ಸೆಲ್ಫ್. ಇಲ್ಲಿ ಪದ ತಪ್ಪಾದರೆ ವಿಷಯವೇ ತಪ್ಪಾಗಿ ತಲೆಗೆ ಹೋಗುತ್ತದೆ. ಕ್ಲಾಸ್, ಆಬ್ಜೆಕ್ಟ್, ಸೆಲ್ಫ್ ಈ ಮೂರಕ್ಕೂ ಏನು ಹೇಳಬಹುದು ಅಂತ ನಿಮ್ಮನ್ನು ಕೇಳಬೇಕು. ನನಗೆ ಅನಿಸಿದ್ದನ್ನೂ ಹೇಳುತ್ತೇನೆ, ಒಪ್ಪದವರು ದಯವಿಟ್ಟು ತಕರಾರು ತೆಗೆಯಿರಿ.

ಮೊದಲು ಕ್ಲಾಸ್. ಯಂತ್ರ ಅನುವಾದಕ್ಕೆ ಹಾಕಿದರೆ ಎಷ್ಟೋ ಸಲ 'ತರಗತಿ' ಅಂತ ಬರುತ್ತದೆ. ಅದು ಶಾಲೆಯ ತರಗತಿ, ಅದನ್ನು ಬಿಡೋಣ. ಪುಸ್ತಕದ ಕನ್ನಡದಲ್ಲಿ ಸಿಗುವುದು 'ವರ್ಗ'. ಈ ಪದಕ್ಕೆ ಈಗಾಗಲೇ ಕೆಲಸ ಜಾಸ್ತಿ ಆಗಿದೆ. ಗಣಿತದಲ್ಲಿ ವರ್ಗ ಅಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು, ವರ್ಗಮೂಲ ಅಲ್ಲಿಂದಲೇ ಬಂದದ್ದು. ಸರ್ಕಾರಿ ನೌಕರರ ಮನೆಯಲ್ಲಿ 'ವರ್ಗ ಆಯ್ತು' ಅಂದರೆ ಊರು ಬಿಡಬೇಕು. ವ್ಯಾಕರಣದಲ್ಲಿ ಕವರ್ಗ, ಚವರ್ಗ ಇವೆ. ಪೇಪರಿನಲ್ಲಿ ಹಿಂದುಳಿದ ವರ್ಗ, ಮಧ್ಯಮ ವರ್ಗ ದಿನಾ ಬರುತ್ತವೆ. ಇಷ್ಟು ಅರ್ಥಗಳಲ್ಲಿ ಹೆಚ್ಚಿನವು ಒಂದು ಗುಂಪನ್ನು ಸೂಚಿಸುತ್ತವೆ, ತೊಡಕು ಇರುವುದೇ ಅಲ್ಲಿ. ಪೈಥಾನ್‌ನ ಕ್ಲಾಸ್ ತನ್ನ ಆಬ್ಜೆಕ್ಟ್‌ಗಳನ್ನೆಲ್ಲ ಒಳಗಿಟ್ಟುಕೊಂಡ ಗುಂಪಲ್ಲ. 'ಸದಸ್ಯ' ಅಂತ ಒಂದು ಕ್ಲಾಸ್ ಬರೆದು ಒಬ್ಬ ಸದಸ್ಯನನ್ನೂ ಮಾಡದೆ ಬಿಟ್ಟರೂ ಕ್ಲಾಸ್ ಇದ್ದೇ ಇರುತ್ತದೆ. 'ಎಷ್ಟು ಸದಸ್ಯರಿದ್ದಾರೆ' ಎಂದು ಅದನ್ನು ಕೇಳಿದರೆ, ನಾವೇ ಲೆಕ್ಕ ಇಡುವ ಏರ್ಪಾಡು ಮಾಡದ ಹೊರತು, ಅದಕ್ಕೆ ಗೊತ್ತಿರುವುದಿಲ್ಲ.

ಇನ್ನೊಂದು ಸಲಹೆ 'ಅಚ್ಚು'. ಕಲಿಸುವವರು ತುಂಬಾ ಜನ ಇದನ್ನೇ ಹೇಳುತ್ತಾರೆ: ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ, ಮರದ ಅಚ್ಚು ಕ್ಲಾಸ್, ಅದರಲ್ಲಿ ಪಾಕ ಹೊಯ್ದು ತೆಗೆದದ್ದು ಆಬ್ಜೆಕ್ಟ್. ಮೊದಲ ದಿನಕ್ಕೆ ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಮರದ ಹಲಗೆಯೂ ಅಚ್ಚೇ, ತಟ್ಟೆಯಲ್ಲಿಟ್ಟು ಬೀರುವ ಸಕ್ಕರೆಯ ಆನೆ, ನವಿಲೂ ಸಕ್ಕರೆ ಅಚ್ಚೇ. ಬೇರೆ ಬೇರೆ ಎಂದು ತೋರಿಸಬೇಕಾದ ಎರಡಕ್ಕೂ ಒಂದೇ ಹೆಸರಾಯಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸಕ್ಕರೆ ಒಮ್ಮೆ ಅಚ್ಚಿನಿಂದ ಹೊರಗೆ ಬಂದ ಮೇಲೆ ಎರಡಕ್ಕೂ ಸಂಬಂಧ ಮುಗಿಯಿತು, ಹಲಗೆ ಒಡೆದರೂ ಸಕ್ಕರೆಗೆ ಏನೂ ಆಗದು. ಪೈಥಾನ್‌ನಲ್ಲಿ ಆ ಸಂಬಂಧ ಮುಗಿಯುವುದೇ ಇಲ್ಲ. ನಾನು ಹುಡುಕುತ್ತಿರುವುದು ಈ ಸಂಬಂಧವನ್ನು ಹೇಳುವ ಪದವನ್ನು.

ಒಂದು ಉದಾಹರಣೆ ಕೊಡುತ್ತೇನೆ. ಊರಿನ ಹಾಲಿನ ಡೇರಿಯ ಲೆಕ್ಕ. ಇಲ್ಲಿ ಓದಲು ಸುಲಭವಾಗಲಿ ಎಂದು ಪೈಥಾನ್‌ನ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಡೆಫ್ ಅಂದರೆ ಫಂಕ್ಷನ್ ಬರೆಯುವ ಗುರುತು, ಇನಿಟ್ ಅಂದರೆ ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಫಂಕ್ಷನ್, 'ತನ್ನ' ಇರುವುದು ಸೆಲ್ಫ್ ಜಾಗದಲ್ಲಿ. ಕಂಪ್ಯೂಟರಿಗೆ ಕೊಡುವಾಗ ಕ್ಲಾಸ್, ಡೆಫ್, ಇನಿಟ್ ಇವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಉಳಿದ ಹೆಸರುಗಳು ಕನ್ನಡದಲ್ಲೇ ಓಡುತ್ತವೆ, 2008ರಲ್ಲಿ ಬಂದ ಪೈಥಾನ್ 3ರಿಂದ ಅದಕ್ಕೆ ಅವಕಾಶ ಇದೆ.

ಕ್ಲಾಸ್ ಸದಸ್ಯ:
    ದರ = 35
    ಡೆಫ್ __ಇನಿಟ್__(ತನ್ನ, ಹೆಸರು):
        ತನ್ನ.ಹೆಸರು = ಹೆಸರು
        ತನ್ನ.ಲೀಟರ್ = 0
    ಡೆಫ್ ಹಾಲುಹಾಕು(ತನ್ನ, ಎಷ್ಟು):
        ತನ್ನ.ಲೀಟರ್ += ಎಷ್ಟು

ಗೌರಿ = ಸದಸ್ಯ("ಗೌರಮ್ಮ")
ಸಿದ್ದ = ಸದಸ್ಯ("ಸಿದ್ದಪ್ಪ")
ಗೌರಿ.ಹಾಲುಹಾಕು(6)

ಗೌರಿ, ಸಿದ್ದ ಇಬ್ಬರೂ ಬೇರೆ ಬೇರೆ ಆಬ್ಜೆಕ್ಟ್. ಗೌರಿಯ ಲೀಟರ್ 6 ಆಯಿತು, ಸಿದ್ದನದು 0 ಆಗಿಯೇ ಉಳಿಯಿತು. ಈಗ ದರ ನೋಡಿ. ಗೌರಿ.ದರ ಎಂದು ಕೇಳಿದರೆ 35 ಬರುತ್ತದೆ. ಆ ದರ ಗೌರಿಯ ಹತ್ತಿರ ಇಲ್ಲ. ಪೈಥಾನ್ ಮೊದಲು ಆಬ್ಜೆಕ್ಟ್‌ನಲ್ಲೇ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಅದರ ಕ್ಲಾಸ್‌ಗೆ ಹೋಗಿ ಹುಡುಕುತ್ತದೆ. ನಾಳೆ ಸದಸ್ಯ.ದರ = 37 ಎಂದು ಬರೆದರೆ ನಿನ್ನೆಯೇ ಹುಟ್ಟಿದ ಗೌರಿಗೂ ಸಿದ್ದನಿಗೂ ಒಟ್ಟಿಗೇ 37 ಆಗುತ್ತದೆ. ಗೌರಿ.ದರ = 40 ಎಂದು ಬರೆದರೆ ಗೌರಿಗೆ ಮಾತ್ರ ಸ್ವಂತ ದರ ಒಂದು ಬಂದು ಕೂರುತ್ತದೆ, ಆಮೇಲೆ ಕ್ಲಾಸ್‌ನ ದರ ಎಷ್ಟಾದರೂ ಅವಳ ಲೆಕ್ಕಕ್ಕೆ ಬಾರದು. 'ಹಾಲುಹಾಕು' ಕೂಡ ಹಾಗೆಯೇ ಕ್ಲಾಸ್‌ನಲ್ಲಿ ಒಂದೇ ಕಡೆ ಇದೆ, ಒಬ್ಬೊಬ್ಬರಿಗೂ ಒಂದೊಂದು ನಕಲು ಕೊಟ್ಟಿಲ್ಲ. ಅಚ್ಚು ಎಂದು ಕಲಿತ ಹುಡುಗನಿಗೆ ಈ ದರದ ಆಟ ಅರ್ಥವೇ ಆಗುವುದಿಲ್ಲ.

ಹಾಗಾಗಿ ನನ್ನ ಸೂಚನೆ 'ಬಗೆ'. ಸದಸ್ಯ ಒಂದು ಬಗೆ, ಗೌರಿ ಆ ಬಗೆಯವಳು. ಇದಕ್ಕೆ ಪೈಥಾನ್‌ನ ಒಳಗಿನಿಂದಲೇ ಒಂದು ಕಾರಣ ಸಿಗುತ್ತದೆ. 1991ರಲ್ಲಿ ಗಿಡೊ ವಾನ್ ರೋಸಮ್ ಪೈಥಾನ್ ಅನ್ನು ಮೊದಲು ಬಿಡುಗಡೆ ಮಾಡಿದಾಗಲೇ ಕ್ಲಾಸ್ ಇತ್ತು. ಆದರೆ ಆಗ ಟೈಪ್ (ಸಂಖ್ಯೆ, ಅಕ್ಷರಸಾಲು ಮುಂತಾದ ಪೈಥಾನ್‌ನದೇ ಬಗೆ) ಬೇರೆ, ಕ್ಲಾಸ್ ಬೇರೆ. ನಾವು ಬರೆದ ಯಾವ ಕ್ಲಾಸ್‌ನ ಆಬ್ಜೆಕ್ಟ್ ಹಿಡಿದು 'ನಿನ್ನ ಟೈಪ್ ಏನು' ಎಂದು ಕೇಳಿದರೂ 'ಇನ್‌ಸ್ಟೆನ್ಸ್' (ಕ್ಲಾಸ್‌ನಿಂದ ಮಾಡಿದ ಆಬ್ಜೆಕ್ಟ್) ಎಂಬ ಒಂದೇ ಉತ್ತರ. 2001ರ 2.2 ಆವೃತ್ತಿಯಲ್ಲಿ ಎರಡನ್ನೂ ಒಂದು ಮಾಡುವ ಕೆಲಸ ಶುರುವಾಯಿತು, ಪೈಥಾನ್ 3ರಲ್ಲಿ ಹಳೆಯ ಪದ್ಧತಿ ಪೂರ್ತಿ ಹೋಯಿತು. ಈಗ ಟೈಪ್(ಗೌರಿ) ಎಂದರೆ ಸದಸ್ಯ ಎಂಬ ಕ್ಲಾಸೇ ಉತ್ತರವಾಗಿ ಬರುತ್ತದೆ. ಟೈಪ್(7) ಎಂದರೆ ಪೂರ್ಣಾಂಕದ ಕ್ಲಾಸ್ ಬರುತ್ತದೆ. ಅಂದರೆ ಟೈಪ್‌ಗೂ ಕ್ಲಾಸ್‌ಗೂ ಕನ್ನಡದಲ್ಲಿ ಒಂದೇ ಪದ ಇದ್ದರೆ ಇವತ್ತಿನ ಪೈಥಾನ್‌ಗೆ ಅದು ಸರಿಯಾಗಿಯೇ ಇದೆ. 'ಇದು ಯಾವ ಬಗೆ?' ಎಂದು ಕೇಳುವುದು ಮಕ್ಕಳ ಬಾಯಿಗೂ ಸುಲಭ, ಅಲ್ವಾ?

ಇನ್‌ಸ್ಟೆನ್ಸ್‌ಗೆ 'ನಿದರ್ಶನ' ಎಂದು ಬರೆದಿರುವುದನ್ನು ನೋಡಿದ್ದೇನೆ. ನಿದರ್ಶನ ಅಂದರೆ ನಮಗೆ ಉದಾಹರಣೆ, ಭಾಷಣದಲ್ಲಿ ಕೊಡುವಂಥದ್ದು. ಬಗೆ ಎಂದು ಇಟ್ಟುಕೊಂಡರೆ ಇದಕ್ಕೆ ಬೇರೆ ಪದವೇ ಬೇಡವಾಗುತ್ತದೆ: 'ಗೌರಿ ಸದಸ್ಯ ಬಗೆಯದೇ?' ಎಂದು ಕೇಳಿದರೆ ಮುಗಿಯಿತು. ನಮ್ಮ ಪ್ರತ್ಯಯವೇ ಆ ಕೆಲಸ ಮಾಡಿಬಿಡುತ್ತದೆ.

ಆಬ್ಜೆಕ್ಟ್ ವಿಷಯಕ್ಕೆ ಬರೋಣ. 'ವಸ್ತು' ಎಂಬುದು ಹೆಚ್ಚು ಬಳಕೆಯಲ್ಲಿದೆ. ಗೌರಮ್ಮನನ್ನು ವಸ್ತು ಎಂದು ಕರೆಯಲು ನಾಲಿಗೆ ಹಿಂಜರಿಯುತ್ತದೆ, ಆದರೆ ಕಂಪ್ಯೂಟರಿನೊಳಗೆ ಇರುವುದು ಗೌರಮ್ಮನ ಲೆಕ್ಕವೇ ಹೊರತು ಗೌರಮ್ಮ ಅಲ್ಲ, ಅಷ್ಟು ವಿವರಿಸಿದರೆ ಸರಿಹೋಗುತ್ತದೆ. ನನಗೆ ಕಸಿವಿಸಿ ಆಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ಆಬ್ಜೆಕ್ಟ್ ಓರಿಯೆಂಟೆಡ್ (ಆಬ್ಜೆಕ್ಟ್‌ಗಳನ್ನು ಆಧರಿಸಿ ಪ್ರೋಗ್ರಾಮ್ ಬರೆಯುವ ರೀತಿ) ಎಂಬುದಕ್ಕೆ 'ವಸ್ತುನಿಷ್ಠ' ಎಂದು ಬರೆದರೆ ಅರ್ಥ ಪೂರ್ತಿ ಬದಲಾಗುತ್ತದೆ. ವಸ್ತುನಿಷ್ಠ ಅಂದರೆ ಪಕ್ಷಪಾತ ಇಲ್ಲದ್ದು, ವಸ್ತುನಿಷ್ಠ ವರದಿ, ವಸ್ತುನಿಷ್ಠ ಪ್ರಶ್ನೆ ಎನ್ನುತ್ತೇವೆ. ಪಕ್ಷಪಾತ ಮಾಡದ ಪ್ರೋಗ್ರಾಮ್ ಅಂತ ಓದುವವರು ತಿಳಿಯಬಾರದು. ಇದಲ್ಲದೆ ಪೈಥಾನ್‌ನಲ್ಲಿ ಆಬ್ಜೆಕ್ಟ್ ಅಲ್ಲದ್ದು ಸಿಗುವುದು ಕಷ್ಟ. 7 ಒಂದು ಆಬ್ಜೆಕ್ಟ್, "ಗೌರಮ್ಮ" ಎಂಬ ಅಕ್ಷರಸಾಲು ಒಂದು ಆಬ್ಜೆಕ್ಟ್, ಫಂಕ್ಷನ್ ಒಂದು ಆಬ್ಜೆಕ್ಟ್, 'ಸದಸ್ಯ' ಎಂಬ ಕ್ಲಾಸ್ ಕೂಡ ಒಂದು ಆಬ್ಜೆಕ್ಟ್, ಅದರ ಬಗೆ ಟೈಪ್. ಇಷ್ಟನ್ನೂ ಹೊರಬಲ್ಲ ಪದ ವಸ್ತುವೇ ಇರಬಹುದು. ಇಲ್ಲವಾದರೆ ಆಬ್ಜೆಕ್ಟ್ ಎಂದೇ ಬಿಡೋಣ. ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಇನ್ನು ಸೆಲ್ಫ್. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಮೇಲಿನ ಸಾಲುಗಳಲ್ಲಿ ಸೆಲ್ಫ್ ಇರುವ ಜಾಗದಲ್ಲಿ 'ತನ್ನ' ಎಂದು ಬರೆದಿದ್ದೇನೆ, ನಿಜವಾಗಿಯೂ ಅದು ಓಡುತ್ತದೆ. ಸೆಲ್ಫ್ ಎಂಬುದು ಪೈಥಾನ್ ಕಾಯ್ದಿಟ್ಟ ಪದ ಅಲ್ಲ, ಎಲ್ಲರೂ ಒಪ್ಪಿ ಬಳಸುವ ರೂಢಿ ಅಷ್ಟೇ. ಗೌರಿ.ಹಾಲುಹಾಕು(6) ಎಂದು ಕರೆದಾಗ ಪೈಥಾನ್ ಒಳಗೊಳಗೇ ಸದಸ್ಯ.ಹಾಲುಹಾಕು(ಗೌರಿ, 6) ಎಂದು ಮಾಡಿಕೊಳ್ಳುತ್ತದೆ. ಮೊದಲ ಜಾಗಕ್ಕೆ ಗೌರಿ ಬಂದು ಕೂರುತ್ತಾಳೆ, ಆ ಜಾಗದ ಹೆಸರೇ ಸೆಲ್ಫ್. ಕಲಿಯುವವರು ಡೆಫ್ ಸಾಲಿನಲ್ಲಿ ಆ ಜಾಗ ಇಡಲು ಮರೆಯುತ್ತಾರೆ. ಆಗ 'ಒಂದು ಕೇಳಿದೆ, ಎರಡು ಕೊಟ್ಟಿದ್ದೀರಿ' ಎಂಬ ಅರ್ಥದ ಎರರ್ ಬರುತ್ತದೆ. ನಾನು ಕೊಟ್ಟದ್ದು ಒಂದೇ ಅಲ್ವಾ, ಎರಡನೆಯದು ಎಲ್ಲಿಂದ ಬಂತು ಎಂದು ಅವರು ಕೇಳುವುದು ಸಹಜ.

ಇದಕ್ಕೆ 'ಸ್ವ', 'ನಾನು', 'ನನ್ನ', 'ಇದರ' ಎಲ್ಲವನ್ನೂ ಯೋಚಿಸಿದೆ. 'ನನ್ನ.ಹೆಸರು' ಎಂದರೆ ಹುಡುಗಿ ತನ್ನದೇ ಹೆಸರು ಅಂದುಕೊಳ್ಳುತ್ತಾಳೆ. 'ಇದರ' ಎಂಬುದು ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೆಲ್ಫ್‌ನ ಕೆಲಸ ಮಾಡುವ 'ದಿಸ್'ಗೆ ಹೊಂದಬಹುದು. ಕನ್ನಡದ 'ತಾನು, ತನ್ನ' ಇಲ್ಲಿ ಹೇಳಿ ಮಾಡಿಸಿದ ಹಾಗಿದೆ. 'ಸಿದ್ದ ಅವನ ಮನೆಗೆ ಹೋದ' ಎಂದರೆ ಯಾರ ಮನೆಗೆ ಎಂಬ ಅನುಮಾನ ಉಳಿಯುತ್ತದೆ. 'ಸಿದ್ದ ತನ್ನ ಮನೆಗೆ ಹೋದ' ಎಂದರೆ ಅನುಮಾನವೇ ಇಲ್ಲ. ಕೆಲಸ ಮಾಡುತ್ತಿರುವವರು ಯಾರೋ ಅವರದೇ ಮನೆ. ಗೌರಿ ಕರೆದರೆ ಗೌರಿಯ ಲೀಟರ್, ಸಿದ್ದ ಕರೆದರೆ ಸಿದ್ದನ ಲೀಟರ್, ಸೆಲ್ಫ್‌ನ ಕೆಲಸವೂ ಅದೇ. ತನ್ನ.ಹೆಸರು, ತನ್ನ.ಲೀಟರ್ ಎಂದು ಓದಿದಾಗ ನಡುವಿನ ಚುಕ್ಕಿ ಕಣ್ಣಿಗೇ ಬೀಳದಷ್ಟು ಸಲೀಸು.

ಒಂದೇ ಕೊಸರು: ಡೆಫ್ ಸಾಲಿನ ಆವರಣದೊಳಗೆ ಒಂಟಿಯಾಗಿ 'ತನ್ನ' ಎಂದು ನಿಂತಾಗ ಅದು ಷಷ್ಠಿ ವಿಭಕ್ತಿ, ಹಿಂದೆ ಮುಂದೆ ಏನೂ ಇಲ್ಲ. ಅಲ್ಲಿ 'ತಾನು' ಎಂದಿರಬೇಕು. ಆದರೆ ಎರಡು ಕಡೆಯೂ ಒಂದೇ ಹೆಸರು ಇರಲೇಬೇಕು, ಪೈಥಾನ್‌ಗೆ ವಿಭಕ್ತಿ ಗೊತ್ತಿಲ್ಲ. 'ತಾನು.ಹೆಸರು' ಎಂದು ಓದುವುದು ಕಷ್ಟವೋ, ಒಂಟಿ 'ತನ್ನ' ಓದುವುದು ಕಷ್ಟವೋ? ವ್ಯಾಕರಣ ಬಲ್ಲವರು ಇದಕ್ಕೆ ಖಂಡಿತ ಉತ್ತರಿಸಬೇಕು. ಮುಂದೆ ಕೆಲಸಕ್ಕೆ ಸೇರಿದಾಗ ಎಲ್ಲರ ಹಾಗೆ ಸೆಲ್ಫ್ ಎಂದೇ ಬರೆಯಬೇಕು, ಅದನ್ನು ಎರಡನೇ ಪಾಠದಲ್ಲೇ ಹೇಳಿಬಿಡುತ್ತೇನೆ. ಮೊದಲ ಪಾಠ 'ತನ್ನ'ದಿಂದ ಶುರುವಾಗಲಿ ಎಂಬುದು ನನ್ನ ಆಸೆ.

ಕನ್ನಡದಲ್ಲಿ ಹೆಸರಿಡಲು ಹೊರಟವರಿಗೆ ಒಂದು ಮಾತು. 'ಲೀಟರ್‌ದರ' ಎಂದು ಅರ್ಧಾಕ್ಷರ ಬಿಡಿಸಿ ಬರೆದರೆ ನಡುವೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ, ಪೈಥಾನ್ ಅದನ್ನು ಒಪ್ಪದೆ ಎರರ್ ಕೊಡುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿ ಕಾಣುವುದರಿಂದ ಕಲಿಯುವವರು ಕಂಗಾಲಾಗುತ್ತಾರೆ. 'ಲೀಟರ್_ದರ' ಎಂದು ಅಡಿಗೆರೆ ಹಾಕಿದರೆ ತೊಂದರೆ ಇಲ್ಲ.

ಮೆಥಡ್‌ಗೆ ('ಹಾಲುಹಾಕು' ಥರ ಕ್ಲಾಸ್‌ನೊಳಗಿನ ಫಂಕ್ಷನ್‌ಗೆ) 'ವಿಧಾನ' ಬೇಡ, ಮೆಥಡ್ ಇರಲಿ. ಒಂದು ಕ್ಲಾಸ್ ಇನ್ನೊಂದರಿಂದ ಎಲ್ಲವನ್ನೂ ಪಡೆಯುವ ಇನ್‌ಹೆರಿಟೆನ್ಸ್‌ಗೆ ಮಾತ್ರ ಇನ್ನೂ ಒಳ್ಳೆಯ ಪದ ಹೊಳೆದಿಲ್ಲ. 'ಉತ್ತರಾಧಿಕಾರ' ಎಂದರೆ ಮೊದಲಿನವರು ಕುರ್ಚಿ ಬಿಟ್ಟಿರಬೇಕು. 'ಆನುವಂಶಿಕತೆ' ಎಂದರೆ ಜೀವಶಾಸ್ತ್ರದ ಪಾಠ. 'ಬಳುವಳಿ' ಕಿವಿಗೆ ಹಿತ, ಆದರೆ ಅದು ತವರಿನಿಂದ ಎದ್ದು ಹೋಗುವ ವಸ್ತು. ಪೈಥಾನ್‌ನಲ್ಲಿ 'ಸಂಘದ_ಅಧ್ಯಕ್ಷ' ಎಂಬ ಬಗೆ 'ಸದಸ್ಯ' ಬಗೆಯಿಂದ ಎಲ್ಲವನ್ನೂ ಪಡೆದರೂ ಸದಸ್ಯನ ಹತ್ತಿರ ಇದ್ದದ್ದು ಒಂದೂ ಕಡಿಮೆ ಆಗುವುದಿಲ್ಲ. ಕೊಟ್ಟರೂ ಕೊಟ್ಟವರಲ್ಲೇ ಉಳಿಯುವುದಕ್ಕೆ ನಿಮ್ಮ ಕಡೆ ಮಾತಿನಲ್ಲಿ ಏನಾದರೂ ಪದ ಇದೆಯೇ? ಧಾರವಾಡ, ಕುಂದಾಪುರ, ಕಲಬುರಗಿ ಕಡೆಯವರು ಯಾರಿದ್ದರೂ ತಿಳಿಸಿ. ಟಿಪ್ಪಣಿಯನ್ನು ಜೆರಾಕ್ಸ್‌ಗೆ ಕೊಡುವ ಮೊದಲು ಸೇರಿಸಿಕೊಳ್ಳುತ್ತೇನೆ.