ಮೂರು ದಿನದ ಎಚ್‌ಆರ್ ಕೋರ್ಸು: ನಮ್ಮ ಮನೆಮಂದಿ ಗುಂಪಿನ ಒಂದು ರಾತ್ರಿ

ಹೋದ ಭಾನುವಾರ ಸಂಜೆ ತಮ್ಮ ನಮ್ಮ ಮನೆಮಂದಿ ಗುಂಪಿಗೆ ಒಂದು ಪೋಸ್ಟರ್ ಹಾಕಿದ. ತಮ್ಮ ಅಂದರೆ ಚಿಕ್ಕಪ್ಪನ ಮಗ, ಬೆಂಗಳೂರಿನಲ್ಲಿ ಎಚ್‌ಆರ್, ಅಂದರೆ ಕಂಪನಿಯ ನೌಕರರ ವಿಷಯ ನೋಡಿಕೊಳ್ಳುವವನು. ನಾನೂ ಎಚ್‌ಆರ್, ಕುಶಾಲನಗರದ ಕಡೆ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಚಿಕ್ಕಪ್ಪನ ತೋಟ ಸೋಮವಾರಪೇಟೆ ಹತ್ತಿರ, ಶಾಂತಳ್ಳಿ ಕಡೆ. ಅವತ್ತು ರಾತ್ರಿ ಹನ್ನೊಂದರವರೆಗೆ ನಡೆದ ಮಾತನ್ನು ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಈ ಕೆಲಸದಲ್ಲಿರುವ ಬೇರೆಯವರಿಗೂ ಬೇಕಾದೀತು.

ಪೋಸ್ಟರ್ ಹೀಗಿತ್ತು: ‘ಮೂರೇ ದಿನದಲ್ಲಿ ಅಂತರರಾಷ್ಟ್ರೀಯ ಮಟ್ಟದ ಎಚ್‌ಆರ್ ಲೀಡರ್ ಆಗಿ. ಮನೆಯಲ್ಲೇ ಕೂತು ಕಲಿಯಿರಿ. 14,999 ರೂಪಾಯಿಯ ಕೋರ್ಸು ಇವತ್ತು ರಾತ್ರಿ ಹನ್ನೆರಡರೊಳಗೆ ಕೇವಲ 4,999.’

ತಮ್ಮ: ಅಕ್ಕ, ಇಬ್ಬರೂ ಸೇರೋಣ. ನಿನಗೂ ಉಪಯೋಗ ಆಗುತ್ತದೆ.

ಭಾವ: ಯಾರು ಕೊಡುವ ಸರ್ಟಿಫಿಕೇಟ್ ಇದು? ಪೋಸ್ಟರಿನಲ್ಲಿ ವಿಳಾಸವೇ ಇಲ್ಲವಲ್ಲ.

ಚಿಕ್ಕಪ್ಪ: ಈಗಷ್ಟೇ ಕಾಫಿ ತೂಕ ಮುಗಿಸಿ ಒಳಗೆ ಬಂದೆ. ಜನರನ್ನು ನೋಡಿಕೊಳ್ಳೋದಕ್ಕೆ ಐದು ಸಾವಿರದ ಕೋರ್ಸಾ? ನಮ್ಮಪ್ಪನ ಕಾಲದಲ್ಲಿ ರೈಟರು (ತೋಟದ ಗುಮಾಸ್ತರು) ಒಬ್ಬರೇ ಅರವತ್ತು ಆಳಿನ ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯುತ್ತಿದ್ದರು. ಆಳುಗಳ ಸಾಲುಮನೆ, ಆ ಲೈನ್‌ಮನೆಗಳಲ್ಲಿ ಯಾವುದರಲ್ಲಿ ಮಗುವಿಗೆ ಜ್ವರ ಅಂತಲೂ ಅವರಿಗೆ ಗೊತ್ತಿರುತ್ತಿತ್ತು. ಅವರು ಯಾವ ಲೀಡರ್ ಕೋರ್ಸು ಮಾಡಿದ್ದರು?

ತಮ್ಮ: ಅಪ್ಪ, ಅದು ತೋಟ. ಇದು ಎರಡು ಸಾವಿರ ಜನರ ಕಂಪನಿ.

ಚಿಕ್ಕಪ್ಪ: ಎರಡು ಸಾವಿರ ಇದ್ದರೂ ಮನುಷ್ಯರೇ ತಾನೇ?

ಆ ರೈಟರನ್ನು ನಾನೂ ಕಂಡಿದ್ದೇನೆ. ಸಂಜೆ ಕಣದ ಮೂಲೆಯಲ್ಲಿ ಮೇಜು ಹಾಕಿಕೊಂಡು, ಒಬ್ಬೊಬ್ಬರ ಹೆಸರು ಕೂಗುವಾಗ ತಲೆ ಎತ್ತಿ ಅವರ ಮುಖ ನೋಡಿ ಬರೆಯುತ್ತಿದ್ದರು. ಚಿಕ್ಕಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ನನಗೆ ಸುಮ್ನಿರಲು ಆಗಲಿಲ್ಲ.

ನಾನು: ಚಿಕ್ಕಪ್ಪ, ರೈಟರಿಗೆ ಜನ ಗೊತ್ತಿದ್ದರು, ಒಪ್ಪುತ್ತೇನೆ. ಈಗ ಜನರ ಜೊತೆ ಕಾನೂನೂ ಗೊತ್ತಿರಬೇಕು. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆ, ಅಂದರೆ ಕಾರ್ಮಿಕ ಕಾನೂನುಗಳನ್ನು ಒಟ್ಟು ಮಾಡಿದ ಹೊಸ ಕಾನೂನುಗಳು, ಜಾರಿಗೆ ಬಂದವು. ಹಳೆಯ 29 ಕೇಂದ್ರ ಕಾನೂನು ಅದರೊಳಗೆ ಹೋದವು, ನಿಮ್ಮ ತೋಟ ಕಾರ್ಮಿಕರ 1951ರ ಕಾಯ್ದೆಯೂ ಸೇರಿ. ನಾನು ಕಾಲೇಜಿನಲ್ಲಿ ಓದಿದ ಸೆಕ್ಷನ್ ನಂಬರುಗಳು ಈಗ ಕೆಲಸಕ್ಕೆ ಬರುವುದಿಲ್ಲ. ಕಲಿಯಲೇಬೇಕು.

ತಮ್ಮ: ನೋಡಿ ಅಪ್ಪ! ಅಕ್ಕನೂ ಕಲಿಯಬೇಕು ಅಂತಿದ್ದಾಳೆ.

ನಾನು: ಕಲಿಯಬೇಕು ಅಂದೆ. ಈ ಪೋಸ್ಟರಿಗೆ ದುಡ್ಡು ಕಟ್ಟು ಅನ್ನಲಿಲ್ಲ. ಮೂರು ದಿನದ ವಿಷಯಪಟ್ಟಿ ಓದಿದ್ದೀಯಾ? ಮೊದಲ ದಿನ ‘ನಾಯಕತ್ವದ ಮನೋಭಾವ’. ಎರಡನೇ ದಿನ ‘ಭವಿಷ್ಯದ ಎಚ್‌ಆರ್’. ಮೂರನೇ ದಿನ ಸರ್ಟಿಫಿಕೇಟ್ ವಿತರಣೆ. ಇಡೀ ಪಟ್ಟಿಯಲ್ಲಿ ಸಂಬಳ ಅನ್ನುವ ಪದವೇ ಇಲ್ಲ.

ಅತ್ತಿಗೆ: ನಮ್ಮ ಶಾಲೆಗೂ ಇಂಥ ತರಬೇತಿ ಬರುತ್ತವೆ. ಎರಡು ದಿನ ಕೂತು ಬಂದರೆ ಸೋಮವಾರ ತರಗತಿಗೆ ತರಲು ಏನೂ ಇರುವುದಿಲ್ಲ. ಹಾಗಂತ ಎಲ್ಲವೂ ಹಾಗಲ್ಲ. ಓದು ಬಾರದ ಮಕ್ಕಳಿಗೆ ಕಲಿಸುವುದು ಹೇಗೆ ಅಂತ ಒಬ್ಬರು ತೋರಿಸಿಕೊಟ್ಟದ್ದು ಇವತ್ತಿಗೂ ಕೈಹಿಡಿದಿದೆ.

ಭಾವ: ನನಗೆ ಒಂದು ಅರ್ಥ ಆಗಬೇಕು. ಸಂಹಿತೆ ಬಂದದ್ದರಿಂದ ನಿನ್ನ ಮೇಜಿನ ಮೇಲೆ ಏನು ಬದಲಾಯಿತು? ಒಂದು ಉದಾಹರಣೆ ಕೊಡು.

ಭಾವ ಬ್ಯಾಂಕಿನಲ್ಲಿದ್ದವರು. ಲೆಕ್ಕ ಕೊಡದೆ ಅವರಿಗೆ ಏನನ್ನೂ ಒಪ್ಪಿಸಲು ಆಗುವುದಿಲ್ಲ. ನಾನು ಕಾಗದದಲ್ಲಿ ಲೆಕ್ಕ ಮಾಡಿ ಫೋಟೊ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ನಾನು: ಒಬ್ಬರಿಗೆ ತಿಂಗಳಿಗೆ 20,000 ಅಂತಿಟ್ಟುಕೊಳ್ಳಿ. ಮೂಲ ವೇತನ 7,000, ಉಳಿದ 13,000 ಬೇರೆ ಬೇರೆ ಭತ್ಯೆ. ಹಿಂದೆ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ಹಣಕ್ಕೆ, 7,000 ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಈಗ ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟಿನ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಭಾಗ ವೇತನಕ್ಕೆ ಸೇರುತ್ತದೆ. ಅರ್ಧ ಅಂದರೆ 10,000. ಭತ್ಯೆ 13,000. ಜಾಸ್ತಿಯಾದ 3,000 ವೇತನಕ್ಕೆ ಬಂತು, ವೇತನ 10,000 ಆಯಿತು. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ವೇತನ, ಅಂದರೆ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ. ಹಳೆಯ ಲೆಕ್ಕದಲ್ಲಿ ವರ್ಷಕ್ಕೆ 4,038. ಹೊಸ ಲೆಕ್ಕದಲ್ಲಿ 5,769.

ಭಾವ: ವರ್ಷಕ್ಕೆ 1,731 ವ್ಯತ್ಯಾಸ. ಹತ್ತು ವರ್ಷದ ಸೇವೆಗೆ ಹದಿನೇಳು ಸಾವಿರದ ಮೇಲೆ.

ನಾನು: ಹೌದು. ಕಾಫಿ ಬೀಜ ಆರಿಸುವ ಹೆಂಗಸಿಗೆ ಆ ಹದಿನೇಳು ಸಾವಿರ ದೊಡ್ಡ ಮೊತ್ತ. ಎಚ್‌ಆರ್‌ಗೆ ಲೆಕ್ಕ ಗೊತ್ತಿಲ್ಲದಿದ್ದರೆ ಅವಳಿಗೆ ಹೇಳುವವರು ಯಾರು? ಇನ್ನೊಂದು, ಯಾರಾದರೂ ರಾಜೀನಾಮೆ ಕೊಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು. ತಿಂಗಳುಗಟ್ಟಲೆ ಎಳೆಯುವ ಹಾಗಿಲ್ಲ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ನಿಗದಿತ ಅವಧಿಗೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಹಕ್ಕು ಬರುತ್ತದೆ. ನನಗೆ ಕಲಿಯಬೇಕಾಗಿರುವುದು ಇದು.

ಚಿಕ್ಕಪ್ಪ: ಇದನ್ನೆಲ್ಲ ಆಡಿಟರ್ ನೋಡಿಕೊಳ್ಳುತ್ತಾರೆ ಮಗಳೇ.

ನಾನು: ಆಡಿಟರ್ ವರ್ಷಕ್ಕೊಮ್ಮೆ ಬರುತ್ತಾರೆ ಚಿಕ್ಕಪ್ಪ. ಕೆಲಸದ ಹುಡುಗಿ ಬಾಗಿಲ ಹತ್ತಿರ ಬಂದು ನಿಲ್ಲುವುದು ನನ್ನ ಎದುರಿಗೆ.

ಇಲ್ಲಿ ತಮ್ಮನಿಗೆ ಕೋಪ ಬಂತು. ಅವನ ಮಾತಿನಲ್ಲಿ ನ್ಯಾಯವೂ ಇತ್ತು.

ತಮ್ಮ: ಅಕ್ಕ, ನೀನು ಹದಿನಾಲ್ಕು ವರ್ಷದಿಂದ ಒಂದೇ ಕಡೆ ಇದ್ದೀಯ. ನಿನಗೆ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಇಲ್ಲಿ ನಮ್ಮ ವರ್ಷದ ಕೆಲಸ ಅಳೆಯುವ ಅಪ್ರೈಸಲ್ ಫಾರ್ಮ್‌ನಲ್ಲಿ ‘ಈ ವರ್ಷ ಏನು ಕಲಿತಿರಿ’ ಅಂತ ಒಂದು ಕಾಲಂ ಇದೆ. ಖಾಲಿ ಬಿಟ್ಟರೆ ಅಂಕ ಹೋಗುತ್ತದೆ, ಬಡ್ತಿ ಹೋಗುತ್ತದೆ. ಕೋರ್ಸಿಗೆ ರಜೆ ಕೊಡುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಮೂರು ದಿನದ್ದು ಬಿಟ್ಟು ನಾನು ಬೇರೆ ಯಾವುದಕ್ಕೆ ಹೋಗಲಿ?

ಒಂದು ಹತ್ತು ನಿಮಿಷ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಆ ಕಾಲಂ ನನ್ನ ಮನಸ್ಸಿನಲ್ಲೇ ಕೂತುಬಿಟ್ಟಿತು. ಅಂಥ ಫಾರ್ಮ್ ಬರೆಯುವವರು ನಮ್ಮ ವೃತ್ತಿಯವರೇ ಅಲ್ವಾ? ಕಲಿಕೆಗೆ ಸಮಯ ಇಡದೆ, ಹಣ ಇಡದೆ, ಕಾಲಂ ಮಾತ್ರ ಇಟ್ಟರೆ ಜನ ಇಂಥ ಪೋಸ್ಟರ್ ಹುಡುಕದೆ ಏನು ಮಾಡುತ್ತಾರೆ? ನಮ್ಮಲ್ಲೂ ಅಷ್ಟೇ. ಬೆಂಕಿ ಆರಿಸುವ ತರಬೇತಿ, ಪ್ರಥಮ ಚಿಕಿತ್ಸೆ, ಫೋರ್ಕ್‌ಲಿಫ್ಟ್ ಓಡಿಸುವುದು, ಇಡೀ ವರ್ಷದ ತರಬೇತಿ ಪಟ್ಟಿಯನ್ನು ನಾನೇ ತಯಾರಿಸುತ್ತೇನೆ. ಎಷ್ಟೋ ವರ್ಷ ಆ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ.

ನಾನು: ನೀನು ಹೇಳಿದ್ದು ಸರಿ. ನಿನ್ನ ಕಷ್ಟ ನನಗೆ ಅರ್ಥ ಆಗಿರಲಿಲ್ಲ. ಈಗ ನನ್ನದೊಂದು ಹೇಳುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಬೀಜ ಆರಿಸುವ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು ಸೂಪರ್‌ವೈಸರ್ ಮೈ ಮುಟ್ಟುತ್ತಾನೆ ಅಂದಳು. ನಾನು ತಕ್ಷಣ ಅವನನ್ನು ಅದೇ ಕೋಣೆಗೆ ಕರೆಸಿ, ಅವಳೆದುರೇ ‘ಇದು ನಿಜವಾ’ ಅಂತ ಕೇಳಿದೆ. ನ್ಯಾಯ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಳು. ಆಮೇಲೆ ‘ಏನಿಲ್ಲ ಮೇಡಂ, ತಪ್ಪು ತಿಳಿದುಕೊಂಡೆ’ ಅಂದಳು. ಮುಂದಿನ ವಾರದಿಂದ ಕೆಲಸಕ್ಕೆ ಬರಲಿಲ್ಲ.

ಅತ್ತಿಗೆ: ಅಯ್ಯೋ.

ನಾನು: ನಾನು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮಾಡಿದವಳು. ಆದರೆ ದೂರು ಕೇಳುವುದು ಹೇಗೆ ಅಂತ ನನಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಆಮೇಲೆ ಮಂಗಳೂರಿನಲ್ಲಿ ಎರಡು ದಿನದ ತರಬೇತಿಗೆ ಹೋದೆ. ಕಂಪನಿ ದುಡ್ಡು ಕೊಡಲಿಲ್ಲ. ನನ್ನದೇ 3,500 ರೂಪಾಯಿ, ನನ್ನದೇ ಎರಡು ರಜೆ. ಅಲ್ಲಿ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿ, ಒಬ್ಬರು ದೂರು ಹೇಳಬೇಕು, ಇನ್ನೊಬ್ಬರು ಹತ್ತು ನಿಮಿಷ ಬಾಯಿ ಬಿಡದೆ ಕೇಳಬೇಕು ಅಂದರು. ನನಗೆ ಎರಡನೇ ನಿಮಿಷಕ್ಕೇ ಪ್ರಶ್ನೆ ಕೇಳಬೇಕು ಅನ್ನಿಸಿತು. ದೂರು ತಂದವಳನ್ನು ಒಬ್ಬಳನ್ನೇ ಕೇಳಬೇಕು. ಅವಳಿಗೆ ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಬೇಕು. ಅವಳ ಮಾತಿನಲ್ಲೇ ಬರೆದು ಓದಿ ಹೇಳಬೇಕು. ‘ಮೊದಲೇ ಯಾಕೆ ಹೇಳಲಿಲ್ಲ’ ಅಂತ ಕೇಳಲೇಬಾರದು. ಇವೆಲ್ಲ ಅಲ್ಲಿ ಕಲಿತದ್ದು. ಆ ತರಬೇತಿಯ ಸರ್ಟಿಫಿಕೇಟ್ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ.

ಚಿಕ್ಕಪ್ಪ: ಆ ಹುಡುಗಿ ಈಗ ಎಲ್ಲಿದ್ದಾಳೆ?

ನಾನು: ಹುಡುಕಿದೆ ಚಿಕ್ಕಪ್ಪ. ಸಿಗಲಿಲ್ಲ.

ಇದಾದ ಮೇಲೆ ಮಾತಿನ ಧಾಟಿ ಬದಲಾಯಿತು. ತಮ್ಮ ಮೆತ್ತಗಾದ. ಹಾಗಾದರೆ ಹೆಸರಿಗೆ ಬೆಲೆ ಇರುವ ಸರ್ಟಿಫಿಕೇಟ್ ಯಾವುದು ಅಂತ ಕೇಳಿದ.

ನಾನು: ಮೊದಲು ಒಂದು ವ್ಯತ್ಯಾಸ. ಬಂದು ಕೂತಿದ್ದಕ್ಕೆ ಕೊಡುವ ಕಾಗದ ಬೇರೆ, ಪರೀಕ್ಷೆ ಬರೆದು ಪಡೆಯುವುದು ಬೇರೆ. ಅಮೆರಿಕದ ಎಚ್‌ಆರ್‌ನವರ ಸಂಸ್ಥೆ ಎಸ್‌ಎಚ್‌ಆರ್‌ಎಂನ ಎಸ್‌ಎಚ್‌ಆರ್‌ಎಂ-ಸಿಪಿ ಪರೀಕ್ಷೆ ಇದೆ. ಪಾಸಾದರೆ ಮುಗಿಯಲಿಲ್ಲ. ಮೂರು ವರ್ಷದೊಳಗೆ 60 ಕಲಿಕಾ ಅಂಕ ಕೂಡಿಸಬೇಕು, ಇಲ್ಲಾಂದ್ರೆ ಮತ್ತೆ ಪರೀಕ್ಷೆ. ಎಚ್‌ಆರ್‌ಸಿಐ ಅನ್ನುವ ಇನ್ನೊಂದು ಸಂಸ್ಥೆಯ ಪಿಎಚ್‌ಆರ್ ಪರೀಕ್ಷೆ ಇದೆ. ಅದರಲ್ಲಿ ಅಮೆರಿಕದ ಕಾನೂನೇ ಜಾಸ್ತಿ. ಹೊರದೇಶದವರಿಗೆ ಅಂತಲೇ ಪಿಎಚ್‌ಆರ್‌ಐ ಬೇರೆ ಇದೆ. ಸುಮ್ನೆ ಹೆಸರು ನೋಡಿ ದುಡ್ಡು ಕಟ್ಟಬೇಡ. ಬಹುರಾಷ್ಟ್ರೀಯ ಕಂಪನಿಗೆ ಹೋಗುವ ಆಸೆ ಇದ್ದರೆ ಇವು ಸರಿ, ಆದರೆ ದುಬಾರಿ.

ಭಾವ: ಅಷ್ಟು ದುಡ್ಡು ಇಲ್ಲದವರಿಗೆ?

ನಾನು: ಸ್ವಯಂ ಅನ್ನುವ ಆನ್‌ಲೈನ್ ಕಲಿಕಾ ತಾಣ ಇದೆ ಭಾವ, ಕೇಂದ್ರ ಸರ್ಕಾರದ್ದು, 2017ರಿಂದ. ಐಐಟಿಗಳವರ ಎನ್‌ಪಿಟೆಲ್ ಪಾಠಗಳೂ ಅಲ್ಲೇ ಸಿಗುತ್ತವೆ. ನೋಡುವುದು ಉಚಿತ. ಎನ್‌ಪಿಟೆಲ್ ಪರೀಕ್ಷೆ ಬರೆಯಬೇಕಾದರೆ ಮಾತ್ರ ಒಂದು ಕೋರ್ಸಿಗೆ ಸಾವಿರದ ಆಸುಪಾಸು. ಪರೀಕ್ಷೆಗೆ ಕೇಂದ್ರಕ್ಕೇ ಹೋಗಿ ಕೂರಬೇಕು, ಹಾಗಾಗಿ ಅದಕ್ಕೆ ಬೆಲೆ ಇದೆ. ಪಿಎಫ್ (ಭವಿಷ್ಯ ನಿಧಿ) ವಿಷಯಕ್ಕೆ ಪ್ರತಿ ತಿಂಗಳು 27ಕ್ಕೆ ಅದನ್ನು ನೋಡಿಕೊಳ್ಳುವ ಇಪಿಎಫ್‌ಒ ಅಧಿಕಾರಿಗಳು ಜಿಲ್ಲೆಗಳಲ್ಲಿ ಶಿಬಿರ ಮಾಡುತ್ತಾರೆ. ಮಾಲೀಕರೂ ಹೋಗಬಹುದು, ಕಾರ್ಮಿಕರೂ ಹೋಗಬಹುದು. ಒಂದು ಸಲ ಮೂರು ತಕರಾರು ಹಿಡಿದುಕೊಂಡು ಹೋಗು ತಮ್ಮ, ನಾಯಕತ್ವದ ಕೋರ್ಸಿಗಿಂತ ಜಾಸ್ತಿ ಕಲಿತು ಬರುತ್ತೀಯ.

ತಮ್ಮ: ನಮ್ಮ ಮ್ಯಾನೇಜರಿಗೆ ದುಡ್ಡು ಕೇಳಬಹುದಾ ಅಕ್ಕ?

ನಾನು: ಕೇಳು. ಬರೆದು ಕೇಳು. ಎಲ್ಲದಕ್ಕೂ ಅಲ್ಲದಿದ್ದರೂ ಒಂದಕ್ಕೆ ಕಾನೂನೇ ನಿನ್ನ ಕಡೆ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಸೆಕ್ಷನ್ ನೋಡು. ನೌಕರರಿಗೆ ಕಾರ್ಯಾಗಾರ, ದೂರು ವಿಚಾರಿಸುವ ಸಮಿತಿಯ ಸದಸ್ಯರಿಗೆ ತರಬೇತಿ, ಎರಡೂ ಮಾಲೀಕರ ಹೊಣೆ. ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ ಅಂಥ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ.

ಚಿಕ್ಕಪ್ಪ: ಅದು ಕಂಪನಿಗಳಿಗೆ. ನಮ್ಮಲ್ಲಿ ಖಾಯಂ ಇರೋದು ಆರೇ ಜನ.

ನಾನು: ಕುಯ್ಲಿನಲ್ಲಿ ಎಷ್ಟು ಜನ ಚಿಕ್ಕಪ್ಪ?

ಚಿಕ್ಕಪ್ಪ: ಈಗ 22. ಅಸ್ಸಾಮಿನವರು ಹದಿನಾಲ್ಕು ಜನ, ಮೇಸ್ತ್ರಿ ಕರೆತಂದದ್ದು. ಅವರು ನನ್ನ ಆಳಲ್ಲ, ಮೇಸ್ತ್ರಿ ಆಳು.

ನಾನು: ಈ ಕಾಯ್ದೆಯಲ್ಲಿ ದಿನಗೂಲಿಯವರೂ ಬರುತ್ತಾರೆ, ಗುತ್ತಿಗೆದಾರರ ಮೂಲಕ ಬಂದವರೂ ಬರುತ್ತಾರೆ. ಹತ್ತಕ್ಕಿಂತ ಕಡಿಮೆ ಇದ್ದಾಗ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ನಿಮ್ಮಲ್ಲಿ 22 ಇದ್ದಾರೆ. ಸಮಿತಿ ನಿಮ್ಮಲ್ಲೇ ಬೇಕು.

ಚಿಕ್ಕಪ್ಪ ಬಹಳ ಹೊತ್ತು ಉತ್ತರ ಕೊಡಲಿಲ್ಲ. ಬೇಜಾರಾಯಿತೇನೋ ಅಂತ ನನಗೆ ಅಳುಕಾಯಿತು. ಹತ್ತೂವರೆಗೆ ಅವರ ಮೆಸೇಜ್ ಬಂತು. ಚೆಕ್‌ರೋಲ್ ಪುಸ್ತಕದ ಫೋಟೊ ಹಾಕಿದ್ದರು. ನೀಲಿ ಶಾಯಿ, ಅವರದೇ ಕೈಬರಹ. 22 ಸಾಲಿನಲ್ಲಿ ಒಂಬತ್ತು ಹೆಸರಿಗೆ ಪೆನ್ಸಿಲಿನಿಂದ ಗುರುತು ಹಾಕಿದ್ದರು.

ಚಿಕ್ಕಪ್ಪ: ಗುರುತು ಹಾಕಿದವರು ಹೆಂಗಸರು. ಅವರಲ್ಲಿ ಮೂವರಿಗೆ ಕನ್ನಡ ಬರುವುದಿಲ್ಲ. ಅವರಿಗೆ ಏನಾದರೂ ಆದರೆ ನನಗೆ ಹೇಗೆ ಗೊತ್ತಾಗಬೇಕು ಅಂತ ಯೋಚನೆ ಬಂತು. ಮೇಸ್ತ್ರಿ ಹೇಳಿದರೆ ಮಾತ್ರ ಗೊತ್ತಾಗೋದು. ಸಮಿತಿಯಲ್ಲಿ ಯಾರಿರಬೇಕು, ಹೇಳು.

ನಾನು: ಕೆಲಸದವರಲ್ಲೇ ಹಿರಿಯ ಹೆಂಗಸೊಬ್ಬರು ಅಧ್ಯಕ್ಷೆ. ಒಟ್ಟಿನಲ್ಲಿ ಕಡಿಮೆಯೆಂದರೆ ಅರ್ಧ ಹೆಂಗಸರಿರಬೇಕು. ಒಬ್ಬರು ಹೊರಗಿನವರು, ಹೆಂಗಸರ ಪರ ಕೆಲಸ ಮಾಡುವ ಸಂಸ್ಥೆಯವರು ಅಥವಾ ಈ ವಿಷಯ ತಿಳಿದವರು. ದೂರು ಕೊಡಲು ಮೂರು ತಿಂಗಳ ಅವಧಿ, ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ಚಿಕ್ಕಪ್ಪ: ಹೊರಗಿನವರು ಅಂದರೆ ನಿನ್ನನ್ನೇ ಹಾಕಿಬಿಡಲಾ?

ನಾನು: ನಾನು ನಿಮ್ಮ ಅಣ್ಣನ ಮಗಳು ಚಿಕ್ಕಪ್ಪ. ಆ ಹೆಂಗಸರು ನನ್ನನ್ನು ಹೊರಗಿನವಳು ಅಂತ ಹೇಗೆ ನಂಬುತ್ತಾರೆ? ಬೇರೆಯವರನ್ನು ಹುಡುಕೋಣ. ಅಸ್ಸಾಮಿ ಮಾತಾಡಲು ಬರುವವರೊಬ್ಬರೂ ಬೇಕು.

ಅತ್ತಿಗೆ: ನಮ್ಮ ಶಾಲೆಗೆ ಅಲ್ಲಿಂದ ಬಂದ ಮಕ್ಕಳಿದ್ದಾರೆ. ಒಂದು ಮಗುವಿನ ತಾಯಿಗೆ ಕನ್ನಡ ಚೆನ್ನಾಗಿ ಬರುತ್ತದೆ. ನಾಳೆ ಕೇಳಿ ನೋಡುತ್ತೇನೆ.

ತಮ್ಮ: ಅಪ್ಪ, ಶನಿವಾರ ಊರಿಗೆ ಬರುತ್ತೇನೆ. ಸಮಿತಿ ಮಾಡುವ ಆದೇಶದ ಕರಡು ನಾನು ಬರೆಯುತ್ತೇನೆ. ಅಕ್ಕ ತಿದ್ದಿಕೊಡಲಿ.

ಚಿಕ್ಕಪ್ಪ: ಬಾ. ಕನ್ನಡದಲ್ಲಿ ಬರಿ. ಇಂಗ್ಲಿಷ್‌ನಲ್ಲಿ ಬರೆದರೆ ಲೈನ್‌ಮನೆಯಲ್ಲಿ ಓದುವವರು ಯಾರೂ ಇಲ್ಲ.

ಹನ್ನೊಂದಕ್ಕೆ ತಮ್ಮ ನನಗೊಬ್ಬಳಿಗೇ ಮೆಸೇಜ್ ಮಾಡಿದ. ಪೋಸ್ಟರ್ ಗುಂಪಿಗೆ ಹಾಕುವ ಮೊದಲೇ 4,999 ಕಟ್ಟಿಬಿಟ್ಟಿದ್ದನಂತೆ. ವಾಪಸ್ ಕೇಳು, ಕೊಡದಿದ್ದರೆ 1915ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅಂದೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದವಳು ಈ ವರ್ಷದ ತರಬೇತಿ ಪಟ್ಟಿ ತೆಗೆದು, ಫೋರ್ಕ್‌ಲಿಫ್ಟ್ ಸಾಲಿನ ಕೆಳಗೆ ‘ಎಚ್‌ಆರ್ ವಿಭಾಗ, ಹೊಸ ಕಾರ್ಮಿಕ ಸಂಹಿತೆ, ಎರಡು ದಿನ, ವೆಚ್ಚ ಕಂಪನಿಯದು’ ಅಂತ ಬರೆದು ಸಹಿಗೆ ಕಳಿಸಿದ್ದೇನೆ.