ಓದುಗರ ಸ್ಪಂದನ: ಎರಡು ವರ್ಷವಾದರೂ ಸುತ್ತಿಗೆ ಕೈಗೆ ಬಂದಿಲ್ಲ

ಗಾಡಿಗಳ ಮೈಯ ತಗ್ಗು ತೆಗೆದು ಬಣ್ಣ ಹೊಡೆಯುವ ಟಿಂಕರಿಂಗ್ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿರುವ ಯುವಕರೊಬ್ಬರು, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜುವುದು ಮತ್ತು ಮಾಸ್ಕಿಂಗ್ ಟೇಪ್ ಅಂಟಿಸುವುದರ ಹೊರತು ಎರಡು ವರ್ಷಗಳಲ್ಲಿ ಮೇಸ್ತ್ರಿ ತಮಗೆ ಬೇರೇನನ್ನೂ ಕಲಿಸಿಲ್ಲ, ಬಿಟ್ಟುಹೋಗಲೇ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಎರಡು ವರ್ಷ ಉಜ್ಜಿದವರಿಗೆ ತಗ್ಗು ಎಲ್ಲಿದೆಯೆಂಬುದು ಅಂಗೈಗೇ ತಿಳಿಯಬೇಕು. ನಿಮಗೆ ತಿಳಿಯುತ್ತದೆಯೇ? ಅದನ್ನು ಬರೆಯದೆ ದೂರನ್ನಷ್ಟೇ ಬರೆದಿದ್ದೀರಿ.
— ನಿವೃತ್ತ ಟಿಂಕರ್

*

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂಗೈಗೆ ತಿಳಿಯುವಂತೆ ಮೊದಲು ಯಾರಾದರೂ ತೋರಿಸಿರಬೇಕಲ್ಲವೇ? ಮುಂದಿನ ಪತ್ರ ದೀರ್ಘವಾಗಿದ್ದರೂ ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

*

ನನ್ನ ಬಳಿ ಇದ್ದ ಹುಡುಗನೇ ಇದನ್ನು ಬರೆದನೇನೋ ಎಂದು ಒಂದು ಕ್ಷಣ ಅನಿಸಿತು. ಆದರೆ ಅವನು ಬಿಟ್ಟುಹೋಗಿ ಆರು ವರ್ಷವಾಯಿತು. ಸುತ್ತಿಗೆ ಕೊಡಿ ಎಂದು ಅವನು ಕೇಳಿದಾಗಲೆಲ್ಲ ನಾನು ನಾಳೆ ಎನ್ನುತ್ತಿದ್ದೆ, ಏಕೆಂದರೆ ಅವನು ಕೆಡಿಸಿದ್ದನ್ನು ಸರಿಪಡಿಸುವ ವೇಳೆಯಲ್ಲಿ ಇನ್ನೊಂದು ಗಾಡಿಯ ಕೆಲಸ ಮುಗಿಯುತ್ತಿತ್ತು. ಒಂದು ದಿನ ನಾನಿಲ್ಲದಾಗ ಅವನು ಬಾಗಿಲೊಂದರ ತಗ್ಗನ್ನು ತಾನೇ ಎತ್ತಲು ಹೋದ. ತಗಡಿನ ಹಿಂದೆ ಡಾಲಿ, ಅಂದರೆ ಆನಿಸಿ ಹಿಡಿಯುವ ಉಕ್ಕಿನ ಗಟ್ಟಿ, ಕೊಟ್ಟು ಅದರ ನೇರಕ್ಕೇ ಸುತ್ತಿಗೆಯಿಂದ ಬಡಿದಿದ್ದ. ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು ಎರಡು ಉಕ್ಕುಗಳ ನಡುವೆ ಸಿಕ್ಕಿ ಹಿಗ್ಗಿತ್ತು. ಬೆರಳಿನಿಂದ ಒತ್ತಿದರೆ ಡಬ್ಬದ ಮುಚ್ಚಳದಂತೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಗಿರಾಕಿಯ ಎದುರಿನಲ್ಲೇ ಅವನನ್ನು ಬೈದೆ. ಡಾಲಿಯನ್ನು ತಗ್ಗಿನ ಹಿಂದೆ ಒತ್ತಿ ಹಿಡಿದು, ಸುತ್ತಿಗೆಯಿಂದ ಪಕ್ಕದ ಉಬ್ಬನ್ನು ಮೆಲ್ಲಗೆ ಇಳಿಸಬೇಕೆಂಬ ಮಾತನ್ನು, ಹೇಳಲು ಎರಡು ನಿಮಿಷವೂ ಬೇಡದ ಆ ಮಾತನ್ನು, ನಾನು ಅವನಿಗೆ ಹೇಳಿಯೇ ಇರಲಿಲ್ಲ. ಮರುದಿನದಿಂದ ಅವನು ಬರಲಿಲ್ಲ.

ನನ್ನ ಮೇಸ್ತ್ರಿ ಬಣ್ಣ ಬೆರೆಸುವಾಗ ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಆ ಬೆನ್ನನ್ನು ನೋಡಿ ನೋಡಿ ನಾನು ಎಷ್ಟು ಉರಿದಿದ್ದೆನೋ! ನಾನೂ ಅದನ್ನೇ ಮಾಡಿದೆ, ಬೆನ್ನು ಮಾತ್ರ ತಿರುಗಿಸಲಿಲ್ಲ.

ತಮ್ಮಾ, ಗುಜರಿಗೆ ಹೋಗುವ ಬಾನೆಟ್ ಒಂದನ್ನು ಕೇಳಿ ಪಡೆದುಕೊ. ಕೆಲಸ ಮುಗಿದ ಮೇಲೆ ಅದರ ಮೇಲೆ ಕೈ ಪಳಗಿಸುತ್ತೇನೆ, ಹತ್ತು ನಿಮಿಷ ನೋಡಿ ಹೇಳಿ ಎಂದು ಕೇಳು. ತೆಳು ಬಟ್ಟೆಯನ್ನು ನಡುವೆ ಇಟ್ಟುಕೊಂಡು ಅಂಗೈ ಚಪ್ಪಟೆಯಾಗಿ ಸವರಿದರೆ, ಕಣ್ಣಿಗೆ ಕಾಣದ ತಗ್ಗೂ ತಿಳಿಯುತ್ತದೆ.
— ಒಬ್ಬ ಮೇಸ್ತ್ರಿ

*

ಮುಂದಿನವರು ಕೇಳದ ಪ್ರಶ್ನೆಗೆ ಉತ್ತರಿಸಿದ್ದಾರೆ. ಆದರೂ ಪ್ರಕಟಿಸುವುದು ಅಗತ್ಯವೆನಿಸಿತು.

*

ಮೇಸ್ತ್ರಿ ಸ್ಪ್ರೇ ಮಾಡುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಬರೆದಿದ್ದೀರಿ. ಬಣ್ಣ ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸುವ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ಅಪಾಯಕಾರಿ ರಾಸಾಯನಿಕ ಇರುತ್ತದೆ. ಕರವಸ್ತ್ರ ಅದನ್ನು ತಡೆಯುವುದಿಲ್ಲ. ದೇಹಕ್ಕೆ ಅದು ಒಮ್ಮೆ ಒಗ್ಗದಂತಾದರೆ, ಆಮೇಲೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಲ್ಲದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡವಿಲ್ಲದೆ ಅಲ್ಲಿ ನಿಲ್ಲಬೇಡಿ. ನಾನು ಸ್ಪ್ರೇ ಗನ್ ಕೆಳಗಿಟ್ಟದ್ದು ಉಬ್ಬಸದಿಂದಲೇ.
— ಮಾಜಿ ಪೇಂಟರ್

*

ಮೇಸ್ತ್ರಿಯ ಸುತ್ತಿಗೆಯನ್ನು ಇಷ್ಟೊಂದು ಆರಾಧಿಸಬೇಡಿ. ಇಂದಿನ ಗಾಡಿಗಳಲ್ಲಿ ಬಾಗಿಲ ಕಂಬದಂಥ ಕಡೆ ಬಳಸುವ ಅತಿಗಟ್ಟಿ ಉಕ್ಕನ್ನು ಕಾಯಿಸಿ ಬಡಿದರೆ ಅದರ ಬಲವೇ ಹೋಗುತ್ತದೆ; ತಯಾರಕರ ದುರಸ್ತಿ ಸೂಚನೆಯನ್ನು ಓದಿಯೇ ಮುಟ್ಟಬೇಕು. ನಿಮ್ಮ ಮೇಸ್ತ್ರಿಗೆ ಇದು ತಿಳಿಯದೆ ಇರಬಹುದು. ನೀವೇ ಓದಿ ಹೇಳಿ. ತಮಗೆ ಕೊಟ್ಟವರಿಗೆ ತಿರುಗಿ ಕೊಡುವ ಮನಸ್ಸೂ ಅವರಿಗೆ ಬರುತ್ತದೆ.
— ಗ್ಯಾರೇಜ್ ಮಾಲೀಕರು

*

ಬಿಟ್ಟುಹೋಗಿ ಎಂದು ಬರೆದವರಲ್ಲಿ ಹೆಚ್ಚಿನವರು ಈ ಕಸುಬಿನವರಲ್ಲ. ಕಸುಬಿನವರೇ ಆದ ಒಬ್ಬರ ಪತ್ರ ಮಾತ್ರ ಇಲ್ಲಿದೆ.

*

ಹೋಗಿ. ಆದರೆ ಮೊದಲ ಮೂರು ತಿಂಗಳಲ್ಲಿ ಏನೇನು ಕಲಿಸುತ್ತೀರಿ ಎಂದು ಹೊಸ ಕಡೆ ಮೊದಲೇ ಕೇಳಿಕೊಳ್ಳಿ. ನಾನು ಕೇಳದೆ ಹೋಗಿ, ಅಲ್ಲಿಯೂ ಒಂದು ವರ್ಷ ಉಜ್ಜಿದೆ.
— ಇನ್ನೊಬ್ಬ ಕಲಿಕಾರ್ಥಿ